ನಗೆಪಾಟಲಾದ ನಗರದ ನಿತ್ಯಚರಿತ್ರೆ

ಒಂದು ಊರಿನ ಚರಿತ್ರೆಯೆಂದರೆ ಏನು? ಊರನ್ನು ಸ್ಥಾಪಿಸಿದವರ ಹೆಸರು, ಆಳಿದವರ ಪಟ್ಟಿ, ಕಟ್ಟಿದ ಮಹಲುಗಳ ಎತ್ತರ, ಗಳಿಸಿದ ಸಂಪತ್ತಿನ ಮೊತ್ತ – ಇವಿಷ್ಟನ್ನು ಬರೆದಿಟ್ಟರೆ ಚರಿತ್ರೆ ಮುಗಿಯಿತೆಂಬುದು ಬಹುಜನರ ತಿಳಿವಳಿಕೆ. ಆ ಊರಿನವರು ಸಂತೆಯಲ್ಲಿ ಏನನ್ನು ಕೊಂಡರು, ಸಂಜೆಯ ಹೊತ್ತು ಯಾವ ಹಾಡನ್ನು ಕೇಳಿದರು, ಶಾಲೆಯ ಹುಡುಗರು ಬಿಡುವಿನ ವೇಳೆಯಲ್ಲಿ ಕಾಗದದ ಮೇಲೆ ಏನನ್ನು ಗೀಚಿದರು, ಯಾವ ಆಟದಲ್ಲಿ ಸೋತಾಗ ಊರಿಗೆ ಊರೇ ಮಂಕಾಯಿತು – ಇವೆಲ್ಲ ಚರಿತ್ರೆಯ ಪುಟಗಳಲ್ಲಿ ಸೇರತಕ್ಕ ಸಂಗತಿಗಳಲ್ಲವೆಂದು ವಿದ್ವಾಂಸರೂ ಬಹುಕಾಲ ಭಾವಿಸಿದ್ದರು. ಈ ಭಾವನೆ ಎಷ್ಟು ನಷ್ಟಕರವೆಂಬುದನ್ನು ಅರಿಯಲು ಅಮೆರಿಕೆಯ ನಡುಪಶ್ಚಿಮ ಭಾಗದ ಕ್ಲೀವ್‌ಲ್ಯಾಂಡ್ ನಗರದ ಕಥೆ ನೆರವಾಗುತ್ತದೆ. ಒಂದು ಕಾಲಕ್ಕೆ ಆ ದೇಶದ ಮುಂಚೂಣಿಯ ನಗರಗಳಲ್ಲೊಂದಾಗಿ, ಮುಂದೆ ಅದೇ ದೇಶದ ಹಾಸ್ಯಗಾರರ ಬಾಯಿಗೆ ತುತ್ತಾಗಿ, ತರುವಾಯ ಮೆಲ್ಲಮೆಲ್ಲನೆ ತಲೆಯೆತ್ತಿದ ನಗರವಿದು. ಸಂಪತ್ತು ಸರಿದುಹೋದ ಮೇಲೆ ಊರಿಗೆ ಉಳಿಯುವುದು ಅದರ ಸಾಮಾನ್ಯ ಜನರು ಸೃಷ್ಟಿಸಿದ ವಸ್ತುಗಳು ಮಾತ್ರ. ಅವನ್ನು ಸಕಾಲದಲ್ಲಿ ಗುರುತಿಸದ, ಸೃಷ್ಟಿಸಿದವರಿಗೆ ಸಲ್ಲಬೇಕಾದುದನ್ನು ಸಲ್ಲಿಸದ ಸಮಾಜವು ತನ್ನ ಆಸ್ತಿಯನ್ನು ತಾನೇ ಕಳೆದುಕೊಳ್ಳುತ್ತದೆ ಎಂಬುದು ಈ ಲೇಖನದ ಅಭಿಪ್ರಾಯ.

ಒಹಾಯೊ ರಾಜ್ಯದಲ್ಲಿ, ಈರಿ ಎಂಬ ಮಹಾಸರೋವರದ ದಕ್ಷಿಣ ದಡದಲ್ಲಿ, ಕಯಹೋಗ ನದಿಯು ಸರೋವರವನ್ನು ಕೂಡುವ ಎಡೆಯಲ್ಲಿ ಕ್ಲೀವ್‌ಲ್ಯಾಂಡ್ ನೆಲೆಸಿದೆ. ೧೭೯೬ರಲ್ಲಿ ಕನೆಕ್ಟಿಕಟ್ ಲ್ಯಾಂಡ್ ಕಂಪನಿಯ ಪರವಾಗಿ ಮೋಸೆಸ್ ಕ್ಲೀವ್‌ಲ್ಯಾಂಡ್ ಎಂಬವರು ಭೂಮಾಪಕರ ತಂಡವೊಂದನ್ನು ಕರೆತಂದು, ಊರಿನ ನಕ್ಷೆ ಗುರುತು ಹಾಕಿಸಿದರು. ಅದೇ ವರ್ಷ ಸ್ವಸ್ಥಳಕ್ಕೆ ಮರಳಿದ ಅವರು ತಮ್ಮ ಹೆಸರಿನ ಊರಿಗೆ ಮತ್ತೆಂದೂ ಬರಲಿಲ್ಲ. ಅವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಈಗಿನದಕ್ಕಿಂತ ಒಂದಕ್ಷರ ಹೆಚ್ಚಾಗಿತ್ತು. ೧೮೩೧ರಲ್ಲಿ ಅಲ್ಲಿಯ ಪತ್ರಿಕೆಯೊಂದು ತಲೆಬರಹದಲ್ಲಿ ಸ್ಥಳ ಸಾಲದೆ ಆ ಅಕ್ಷರವನ್ನು ಕೈಬಿಟ್ಟಿತೆಂದೂ, ಅಂದಿನಿಂದ ಊರಿನ ಹೆಸರು ಹಾಗೆಯೇ ನಿಂತಿತೆಂದೂ ಒಂದು ಕಥೆ ಅಲ್ಲಿ ಪ್ರಚಲಿತವಾಗಿದೆ. ಸ್ಥಾಪಕರ ಹೆಸರಿಗಿಂತ ಅಚ್ಚಿನ ಮೊಳೆ ಜೋಡಿಸುವವನ ಅನುಕೂಲವೇ ಮೇಲಾಯಿತೆಂಬ ಈ ಕಥೆಯನ್ನು ಊರಿನವರು ಸಂತೋಷದಿಂದಲೇ ಹೇಳಿಕೊಳ್ಳುತ್ತಾರೆ.

೧೮೨೭ರಲ್ಲಿ ಆಕ್ರನ್ನಿನವರೆಗೂ, ೧೮೩೨ರ ಹೊತ್ತಿಗೆ ಒಹಾಯೊ ನದಿಯವರೆಗೂ ತೋಡಿ ಮುಗಿಸಿದ ಕಾಲುವೆಯು ಈ ಊರನ್ನು ದೊಡ್ಡ ವ್ಯಾಪಾರಕೇಂದ್ರವನ್ನಾಗಿ ಮಾಡಿತು. ಉತ್ತರದಿಂದ ಸರೋವರಗಳ ಮೂಲಕ ಹಡಗಿನಲ್ಲಿ ಕಬ್ಬಿಣದ ಅದಿರು ಬಂದಿತು. ದಕ್ಷಿಣದಿಂದ ಕಲ್ಲಿದ್ದಲು ಬಂದಿತು. ಎರಡೂ ಸಂಧಿಸಿದಲ್ಲಿ ಉಕ್ಕಿನ ಕುಲುಮೆಗಳು ಹೊತ್ತಿಕೊಂಡವು. ೧೮೭೦ರಲ್ಲಿ ಜಾನ್ ರಾಕ್‌ಫೆಲರ್ ಅವರ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಇಲ್ಲಿಯೇ ಸ್ಥಾಪನೆಗೊಂಡಿತು. ಯೂಕ್ಲಿಡ್ ಅವೆನ್ಯೂ ಎಂಬ ರಾಜಬೀದಿಯ ಎರಡೂ ಬದಿಗೆ ಶ್ರೀಮಂತರ ಮಹಲುಗಳು ಎದ್ದು, ಅದು ಕೋಟ್ಯಧೀಶರ ಸಾಲೆಂದೇ ಖ್ಯಾತವಾಯಿತು. ಕುಲುಮೆಗಳಲ್ಲಿ ದುಡಿಯಲು ಜರ್ಮನರು, ಐರಿಷರು, ಹಂಗೇರಿಯನ್ನರು, ಪೋಲರು, ಸ್ಲೊವೀನರು, ಚೆಕ್ಕರು, ಇಟಾಲಿಯನ್ನರು, ಯಹೂದ್ಯರು, ದಕ್ಷಿಣದ ರಾಜ್ಯಗಳಿಂದ ಕರಿಯ ಜನರು ತಂಡೋಪತಂಡವಾಗಿ ಬಂದರು. ೧೯೨೦ರ ಜನಗಣತಿಯಲ್ಲಿ ೭,೯೬,೮೪೧ ಜನರಿಂದ ಕೂಡಿದ ಕ್ಲೀವ್‌ಲ್ಯಾಂಡ್ ದೇಶದ ಐದನೆಯ ದೊಡ್ಡ ನಗರವಾಗಿತ್ತು. ೧೯೫೦ರಲ್ಲಿ ಜನಸಂಖ್ಯೆ ೯,೧೪,೮೦೮ಕ್ಕೆ ಏರಿತು. ೨೦೨೦ರ ಗಣತಿಯಲ್ಲಿ ಉಳಿದವರು ೩,೭೨,೬೨೪ ಮಂದಿ. ಯೂಕ್ಲಿಡ್ ಬೀದಿಯ ಮಹಲುಗಳಲ್ಲಿ ಬಹುಪಾಲು ನೆಲಸಮವಾಗಿವೆ. ರಾಕ್‌ಫೆಲರ್ ತಮ್ಮ ಕಾರ್ಯಸ್ಥಾನವನ್ನು ಎಂದೋ ನ್ಯೂಯಾರ್ಕಿಗೆ ಸಾಗಿಸಿದ್ದರು. ಮಹಲುಗಳ ಚರಿತ್ರೆಯನ್ನಷ್ಟೇ ನೆಚ್ಚಿಕೊಂಡಿದ್ದರೆ ಈ ಊರಿಗೆ ಹೇಳಿಕೊಳ್ಳಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಆದರೆ ಉಳಿದಿರುವುದು ಬಹಳ. ೧೮೭೯ರ ಏಪ್ರಿಲ್ ೨೯ರ ರಾತ್ರಿ ಚಾರ್ಲ್ಸ್ ಬ್ರಷ್ ಅವರು ತಾವು ನಿರ್ಮಿಸಿದ ವಿದ್ಯುತ್ ಚಾಪದೀಪಗಳನ್ನು ನಗರದ ಸಾರ್ವಜನಿಕ ಚೌಕದಲ್ಲಿ ಬೆಳಗಿಸಿದರು. ೧೮೯೦ರಲ್ಲಿ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರಾದ ವಿಲಿಯಂ ಬ್ರೆಟ್ ಅವರು ಪುಸ್ತಕದ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. ಅದುವರೆಗೆ ದೊಡ್ಡ ಗ್ರಂಥಾಲಯಗಳಲ್ಲಿ ಓದುಗನು ಚೀಟಿ ಬರೆದುಕೊಟ್ಟು, ಸಿಬ್ಬಂದಿ ತಂದುಕೊಟ್ಟ ಪುಸ್ತಕವನ್ನು ಓದಬೇಕಿತ್ತು. ಕೂಲಿಕಾರನೂ ಕಪಾಟಿನ ಮುಂದೆ ನಿಂತು, ತನಗೆ ಬೇಕಾದ ಪುಸ್ತಕವನ್ನು ತಾನೇ ತೆಗೆದು ನೋಡಬಹುದೆಂಬುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಇದೇ ಗ್ರಂಥಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ನ್ಯಾಯವಾದಿ ಜಾನ್ ವೈಟ್ ಅವರು ಜಾನಪದ ಮತ್ತು ಚದುರಂಗದ ಮೇಲಿನ ಗ್ರಂಥಗಳನ್ನು ಜೀವಮಾನವಿಡೀ ಕೂಡಿಹಾಕಿ, ೧೯೨೮ರಲ್ಲಿ ಗತಿಸುವಾಗ ಅವನ್ನು ಸಾರ್ವಜನಿಕರಿಗೇ ಬಿಟ್ಟುಹೋದರು. ಅಜ್ಜಿಕಥೆ, ಆಟ ಇವುಗಳಿಗೂ ಗ್ರಂಥಭಂಡಾರದಲ್ಲಿ ಗೌರವದ ಸ್ಥಾನವುಂಟೆಂಬುದನ್ನು ಅವರು ಕಂಡುಕೊಂಡಿದ್ದರು.

೧೯೧೨ರಲ್ಲಿ ನದಿಯ ಪಶ್ಚಿಮಕ್ಕೆ ನಗರಾಡಳಿತವೇ ಕಟ್ಟಿಸಿದ ವೆಸ್ಟ್ ಸೈಡ್ ಮಾರ್ಕೆಟ್ ೧೩೭ ಅಡಿ ಎತ್ತರದ ಗಡಿಯಾರದ ಗೋಪುರದೊಡನೆ ಇಂದಿಗೂ ನಿಂತಿದೆ. ಒಂದೊಂದು ನಾಡಿನಿಂದ ವಲಸೆ ಬಂದವರೂ ತಮ್ಮ ತಮ್ಮ ಅಡುಗೆಯನ್ನು ಅಲ್ಲಿಗೆ ತಂದರು. ಆಲೂಗಡ್ಡೆಯ ಹೂರಣವಿಟ್ಟು ಬೇಯಿಸುವ, ನಮ್ಮ ಕಡುಬನ್ನು ಹೋಲುವ ಪಿಯರೋಗಿ ಎಂಬ ಪೋಲರ ತಿನಿಸು ಈಗ ಇಡೀ ನಗರದ ತಿನಿಸಾಗಿದೆ. ಸ್ಲೊವೀನರ ಕೇರಿಯಲ್ಲಿ ಬೆಳೆದ ಫ್ರ್ಯಾಂಕಿ ಯಾಂಕೋವಿಕ್ ತಮ್ಮ ಹಿರಿಯರ ನಾಡಿನ ಪೋಲ್ಕ ಕುಣಿತದ ಹಾಡುಗಳನ್ನು ಅಕಾರ್ಡಿಯನ್ ವಾದ್ಯದ ಮೇಲೆ ನುಡಿಸಿ, ೧೯೪೮ರಲ್ಲಿ ಅಮೆರಿಕೆಯ ಪೋಲ್ಕ ದೊರೆಯೆಂಬ ಬಿರುದನ್ನು ಗಳಿಸಿದರು. ಕಾರ್ಖಾನೆಯಲ್ಲಿ ವಾರವಿಡೀ ದುಡಿದವರು ಮದುವೆಮನೆಯಲ್ಲಿ ಕುಣಿದ ಹಾಡುಗಳಿವು. ಕಿಂಚಿತ್ತೂ ಆಡಂಬರವಿಲ್ಲದ ಇಂಥ ಸಂಗತಿಗಳೇ ಒಂದು ನಗರವನ್ನು ಮತ್ತೊಂದರಿಂದ ಬೇರ್ಪಡಿಸಿ ತೋರಿಸುತ್ತವೆ.

ಇಷ್ಟನ್ನು ಹೇಳಿ ಕೊಂಡಾಡಿದರೆ ಸಾಲದು. ಸೃಷ್ಟಿಸಿದವರಿಗೆ ಸಮಾಜವು ಏನು ಕೊಟ್ಟಿತೆಂಬ ಪ್ರಶ್ನೆಯನ್ನೂ ಕೇಳಲೇಬೇಕು. ೧೯೧೪ರ ಆಗಸ್ಟ್ ೫ರಂದು ಯೂಕ್ಲಿಡ್ ಬೀದಿಯ ಒಂದು ಕೂಡುರಸ್ತೆಯಲ್ಲಿ ವಿದ್ಯುತ್ತಿನಿಂದ ನಡೆಯುವ ಸಂಚಾರ ಸಂಕೇತದ ದೀಪಗಳು ಬಂದವು. ಗ್ಯಾರೆಟ್ ಮಾರ್ಗನ್ ಎಂಬ ಕರಿಯ ಕುಶಲಕರ್ಮಿ ಇದೇ ನಗರದಲ್ಲಿದ್ದು, ಮೂರು ಸ್ಥಿತಿಗಳುಳ್ಳ ಸಂಚಾರ ಸಂಕೇತಯಂತ್ರಕ್ಕೆ ೧೯೨೩ರಲ್ಲಿ ಹಕ್ಕುಪತ್ರ ಪಡೆದರು. ಅದಕ್ಕೂ ಮೊದಲೇ ಅವರು ಹೊಗೆ ಮತ್ತು ವಿಷವಾಯುವಿನಿಂದ ಕಾಪಾಡುವ ಮುಸುಕೊಂದನ್ನು ರೂಪಿಸಿದ್ದರು. ಕರಿಯನೊಬ್ಬನು ಮಾಡಿದ ವಸ್ತುವೆಂದರೆ ಕೊಳ್ಳುವವರು ಹಿಂಜರಿಯುತ್ತಿದ್ದುದರಿಂದ, ಬಿಳಿಯನೊಬ್ಬನನ್ನು ಮುಂದೆ ನಿಲ್ಲಿಸಿ ಅವನೇ ಅದನ್ನು ಕಂಡುಹಿಡಿದವನೆಂದು ತೋರಿಸಬೇಕಾದ ಪ್ರಸಂಗ ಅವರಿಗೆ ಒದಗಿತ್ತು. ೧೯೧೬ರ ಜುಲೈ ತಿಂಗಳಲ್ಲಿ ಈರಿ ಸರೋವರದ ತಳದಲ್ಲಿ ಕುಡಿಯುವ ನೀರಿಗಾಗಿ ಕೊರೆಯುತ್ತಿದ್ದ ಸುರಂಗದಲ್ಲಿ ಸ್ಫೋಟವಾಗಿ ಕೂಲಿಕಾರರು ಸಿಕ್ಕಿಬಿದ್ದರು. ರಕ್ಷಿಸಲು ಇಳಿದವರೂ ಮರಳಲಿಲ್ಲ. ಮಾರ್ಗನ್ ಮತ್ತು ಅವರ ಸೋದರ ಆ ಮುಸುಕು ಧರಿಸಿ ಸುರಂಗಕ್ಕೆ ಇಳಿದರು. ಜೀವಂತವಾಗಿದ್ದವರನ್ನೂ ಸತ್ತವರ ದೇಹಗಳನ್ನೂ ಹೊರತಂದರು. ಆ ಕಾಲದ ಪದಕ ಗೌರವಗಳು ಸಂದದ್ದು ಬಿಳಿಯರಾದ ಬೇರೆಯವರಿಗೆ. ಮಾರ್ಗನ್ ೧೯೬೩ರಲ್ಲಿ ತೀರಿಕೊಂಡರು. ಅವರ ಹೆಸರನ್ನು ನಗರದ ನೀರು ಶುದ್ಧೀಕರಣ ಸ್ಥಾವರಕ್ಕೆ ಇಟ್ಟದ್ದು ೧೯೯೧ರಲ್ಲಿ.

ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಕಥೆಯಿದೆ. ನಗರದ ಪೂರ್ವಭಾಗದ ಗ್ಲೆನ್‌ವಿಲ್ ಪ್ರೌಢಶಾಲೆಯಲ್ಲಿ ೧೯೩೦ರ ಸುಮಾರಿಗೆ ಜೆರ‍್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಓದುತ್ತಿದ್ದರು. ಇಬ್ಬರೂ ೧೯೧೪ರಲ್ಲಿ ಹುಟ್ಟಿದವರು. ಇಬ್ಬರೂ ವಲಸೆ ಬಂದ ಯಹೂದ್ಯ ಕುಟುಂಬದವರು. ಓದಿನಲ್ಲಿ ಮುಂದಿದ್ದವರಲ್ಲ, ಆಟದಲ್ಲಿ ಗೆದ್ದವರೂ ಅಲ್ಲ. ಆದರೆ ಶಾಲೆಯ ಪತ್ರಿಕೆಯಾದ ‘ಟಾರ್ಚ್’ನಲ್ಲಿ ಬರೆಯುವ ಅವಕಾಶ ಸೀಗಲ್ಲನಿಗೆ ದೊರೆಯಿತು. ೧೯೩೨ರಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಅವನ ತಂದೆ, ಅಂಗಡಿಗೆ ಕಳ್ಳರು ನುಗ್ಗಿದ ಸಂದರ್ಭದಲ್ಲಿ ಅಸುನೀಗಿದರು. ಶುಸ್ಟರನ ಮನೆಯಲ್ಲಿ ಕಾಗದಕ್ಕೂ ಕಷ್ಟ. ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯಲ್ಲಿ ಅವನು ಚಿತ್ರ ಬರೆಯುತ್ತಿದ್ದ. ೧೯೩೩ರಲ್ಲಿ ಇಬ್ಬರೂ ಸೇರಿ ಸೈಕ್ಲೋಸ್ಟೈಲ್ ಮಾಡಿದ ತಮ್ಮದೇ ಕಿರುಪತ್ರಿಕೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರನ್ನು ಮೊದಲ ಬಾರಿಗೆ ಬಳಸಿದರು. ವಿಚಿತ್ರವೆಂದರೆ, ಆ ಮೊದಲ ಕಥೆಯ ಸೂಪರ್‌ಮ್ಯಾನ್ ದುಷ್ಟನಾಗಿದ್ದ. ದುರ್ಬಲರ ಪರವಾಗಿ ನಿಲ್ಲುವ ಮಹಾಬಲನನ್ನಾಗಿ ಅವನನ್ನು ತಿದ್ದಿ ಬರೆದು, ವರ್ಷಗಟ್ಟಲೆ ಪ್ರಕಾಶಕರ ಬಾಗಿಲು ತಟ್ಟಿದ ಮೇಲೆ, ೧೯೩೮ರಲ್ಲಿ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಆ ಚಿತ್ರಕಥೆ ಅಚ್ಚಾಯಿತು. ಹದಿಮೂರು ಪುಟಗಳಿಗೆ ೧೩೦ ಡಾಲರ್! ಅದರೊಂದಿಗೆ ಪಾತ್ರದ ಸಕಲ ಹಕ್ಕುಗಳೂ ಪ್ರಕಾಶಕರ ಪಾಲಾದವು.

ಮುಂದಿನದು ಜಗತ್ತೇ ಬಲ್ಲ ಸಂಗತಿ. ಆ ಪಾತ್ರ ಪತ್ರಿಕೆಗಳಲ್ಲಿ, ಆಕಾಶವಾಣಿಯಲ್ಲಿ, ಬೆಳ್ಳಿತೆರೆಯ ಮೇಲೆ ಅಪಾರ ಹಣವನ್ನು ತಂದಿತು. ಸೃಷ್ಟಿಸಿದವರು ನ್ಯಾಯಾಲಯದ ಮೆಟ್ಟಿಲು ಹತ್ತಿ ಸೋತರು. ಶುಸ್ಟರರ ಕಣ್ಣಿನ ದೃಷ್ಟಿ ಮಂದವಾಯಿತು. ಸೀಗಲ್ ಗುಮಾಸ್ತೆಯ ಕೆಲಸ ಹಿಡಿದರು. ೧೯೭೫ರಲ್ಲಿ, ಸಾರ್ವಜನಿಕರ ಆಕ್ಷೇಪಕ್ಕೆ ಮಣಿದು, ಇಬ್ಬರಿಗೂ ವರ್ಷಕ್ಕೆ ೨೦,೦೦೦ ಡಾಲರ್ ವೇತನವೂ ಕೃತಿಯ ಮೇಲೆ ಅವರ ಹೆಸರೂ ದೊರೆತವು. ೨೦೧೨ರಲ್ಲಿ, ಆ ೧೩೦ ಡಾಲರನ್ನು ಒಳಗೊಂಡಿದ್ದ ಹಳೆಯ ಚೆಕ್ಕಿನ ಕಾಗದವೊಂದೇ ಹರಾಜಿನಲ್ಲಿ ೧,೬೦,೦೦೦ ಡಾಲರಿಗೆ ಹೋಯಿತು! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ? ಹಿತ್ತಲ ಗಿಡ ಮದ್ದಲ್ಲವೆಂಬ ಮನೋಭಾವವೂ ಇಲ್ಲಿ ಕೆಲಸ ಮಾಡಿತು. ಸೀಗಲ್ ಕುಟುಂಬ ವಾಸವಾಗಿದ್ದ ಮನೆಯನ್ನು ದುರಸ್ತಿಗೊಳಿಸಿ ಗುರುತಿನ ಫಲಕ ಹಾಕಲು ೨೦೦೯ರವರೆಗೆ ಕಾಯಬೇಕಾಯಿತು. ಆ ಹುಡುಗರಿಗೆ ಮೊದಲು ಜಾಗ ಕೊಟ್ಟದ್ದು ಮಾತ್ರ ಒಂದು ಶಾಲಾಪತ್ರಿಕೆ. ಅದೇ ನಗರದ ಸೆಂಟ್ರಲ್ ಪ್ರೌಢಶಾಲೆಯಿಂದ ೧೯೨೦ರಲ್ಲಿ ಹೊರಬಂದ ಕರಿಯ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಬಾಲ್ಯದ ರಚನೆಗಳೂ ಮೊದಲು ಬೆಳಕು ಕಂಡದ್ದು ಶಾಲೆಯ ಪತ್ರಿಕೆಯಲ್ಲಿಯೇ.

ಎರಡನೆಯ ಮಹಾಯುದ್ಧದ ತರುವಾಯ ಆಕಾಶವಾಣಿಯ ಯುಗ. ಲಿಯೋ ಮಿಂಟ್ಸ್ ಎಂಬ ಗ್ರಾಮಫೋನ್ ತಟ್ಟೆಗಳ ವ್ಯಾಪಾರಿ, ಕರಿಯರ ಸಂಗೀತದ ತಟ್ಟೆಗಳನ್ನು ಬಿಳಿಯ ತರುಣರೂ ಆಸೆಯಿಂದ ಕೊಳ್ಳುತ್ತಿರುವುದನ್ನು ತಮ್ಮ ಅಂಗಡಿಯಲ್ಲಿಯೇ ಕಂಡರು. ಅವರ ಒತ್ತಾಸೆಯಿಂದ ಅಲನ್ ಫ್ರೀಡ್ ಎಂಬ ಉದ್ಘೋಷಕರು ರಾತ್ರಿಯ ಪ್ರಸಾರದಲ್ಲಿ ಆ ಹಾಡುಗಳನ್ನು ಕೇಳಿಸತೊಡಗಿ, ರಾಕ್ ಅಂಡ್ ರೋಲ್ ಎಂಬ ಹೆಸರನ್ನು ಜನಜನಿತಗೊಳಿಸಿದರು. ೧೯೫೨ರ ಮಾರ್ಚ್ ೨೧ರಂದು ಅವರು ಏರ್ಪಡಿಸಿದ ಸಂಗೀತಕೂಟಕ್ಕೆ ಹತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣದಲ್ಲಿ ಅದರ ಇಮ್ಮಡಿಯಷ್ಟು ಜನ ನೆರೆದು, ಬಾಗಿಲುಗಳು ಮುರಿದು, ಪೊಲೀಸರು ಬಂದು ಕಾರ್ಯಕ್ರಮವನ್ನು ಆರಂಭದಲ್ಲಿಯೇ ನಿಲ್ಲಿಸಬೇಕಾಯಿತು. ಮರುದಿನ ಹಿರಿಯರು ಇದನ್ನು ಪುಂಡಾಟವೆಂದರು. ಇಂದಿನ ಇತಿಹಾಸಕಾರರು ಇದನ್ನು ಜಗತ್ತಿನ ಮೊದಲ ರಾಕ್ ಸಂಗೀತಕೂಟವೆಂದು ಎಣಿಸುತ್ತಾರೆ. ೧೯೯೫ರಲ್ಲಿ ಐ. ಎಂ. ಪೇ ಅವರ ವಿನ್ಯಾಸದ ರಾಕ್ ಸಂಗೀತದ ವಸ್ತುಸಂಗ್ರಹಾಲಯ ಸರೋವರದ ದಡದಲ್ಲಿ ತೆರೆದಾಗ, ಅದು ಈ ಊರಿಗೆ ಬರಲು ಮುಖ್ಯ ಆಧಾರವಾದ ನೆನಪುಗಳಲ್ಲಿ ಆ ಗದ್ದಲದ ರಾತ್ರಿಯೂ ಒಂದಾಗಿತ್ತು.

ಇಷ್ಟೆಲ್ಲ ಇದ್ದರೂ ೧೯೬೦ರ ದಶಕದಿಂದ ಕ್ಲೀವ್‌ಲ್ಯಾಂಡ್ ಎಂದೊಡನೆ ಅಮೆರಿಕನ್ನರು ನಗುವಂತಾಯಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅನುಕೂಲಸ್ಥರು ಉಪನಗರಗಳಿಗೆ ಹೋದರು. ೧೯೬೬ರ ಜುಲೈಯಲ್ಲಿ ಹಫ್ ಎಂಬ ಬಡಾವಣೆಯಲ್ಲಿ ಜನಾಂಗೀಯ ದೊಂಬಿ ನಡೆದು ನಾಲ್ವರು ಕರಿಯರು ಸತ್ತರು. ೧೯೬೯ರ ಜೂನ್ ೨೨ರಂದು, ಎಣ್ಣೆ ಮತ್ತು ಕೊಳೆ ತೇಲುತ್ತಿದ್ದ ಕಯಹೋಗ ನದಿಗೇ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಬಿದ್ದ ಊರೆಂದು ದೇಶವೆಲ್ಲ ನಕ್ಕಿತು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬಂತೆ ದೂರದರ್ಶನದ ವಿದೂಷಕರೂ ಈ ಊರನ್ನು ಹಿಡಿದುಕೊಂಡರು.

ನಕ್ಕವರಿಗೆ ತಿಳಿಯದ ವಿಷಯಗಳು ಹಲವು. ಆ ನದಿಗೆ ಬೆಂಕಿ ಬಿದ್ದದ್ದು ಅದು ಮೊದಲ ಸಲವಲ್ಲ. ೧೮೬೮ರಿಂದಲೂ ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು ಸಲ ಬಿದ್ದಿತ್ತು. ೧೯೬೯ರ ಬೆಂಕಿ ಅರ್ಧ ಗಂಟೆಯೊಳಗೆ ಆರಿಹೋಯಿತು. ಅದರ ಛಾಯಾಚಿತ್ರವೇ ದೊರೆಯದ ಕಾರಣ ‘ಟೈಮ್’ ಪತ್ರಿಕೆಯು ೧೯೫೨ರ ಇನ್ನೂ ಭೀಕರವಾದ ಬೆಂಕಿಯ ಚಿತ್ರವನ್ನು ಅಚ್ಚಿಸಿತು. ಅದಕ್ಕೂ ಮೊದಲೇ, ೧೯೬೮ರಲ್ಲಿ, ನದಿಯ ಶುದ್ಧೀಕರಣಕ್ಕಾಗಿ ೧೦ ಕೋಟಿ ಡಾಲರ್ ಸಾಲವೆತ್ತಲು ಇದೇ ನಗರದ ಮತದಾರರು ಒಪ್ಪಿಗೆ ಕೊಟ್ಟಿದ್ದರು. ೧೯೬೭ರಲ್ಲಿ ಆಯ್ಕೆಯಾಗಿ, ಅಮೆರಿಕೆಯ ದೊಡ್ಡ ನಗರವೊಂದರ ಮೊತ್ತಮೊದಲ ಕರಿಯ ಮೇಯರ್ ಎನಿಸಿದ ಕಾರ್ಲ್ ಸ್ಟೋಕ್ಸ್, ಬೆಂಕಿಯ ಮರುದಿನವೇ ಪತ್ರಕರ್ತರನ್ನು ನದಿಯ ದಡಕ್ಕೆ ಕರೆದೊಯ್ದು, ಕೊಳೆ ಎಲ್ಲೆಲ್ಲಿಂದ ಬಂದು ಬೀಳುತ್ತಿದೆಯೆಂಬುದನ್ನು ತೋರಿಸಿದರು. ೧೯೭೨ರಲ್ಲಿ ದೇಶಕ್ಕೆ ಶುದ್ಧಜಲದ ಕಾನೂನು ಬಂದಾಗ ಈ ನದಿಯ ನೆನಪು ಶಾಸಕರ ಮನಸ್ಸಿನಲ್ಲಿತ್ತು. ೨೦೧೯ರಲ್ಲಿ, ಬೆಂಕಿಯ ಐವತ್ತನೆಯ ವರ್ಷದಲ್ಲಿ, ಆ ನದಿಯ ಮೀನು ಆಹಾರಯೋಗ್ಯವೆಂದು ರಾಜ್ಯದ ಪರಿಸರ ಇಲಾಖೆ ಸಾರಿತು.

ಇನ್ನೊಂದು ನಗೆಯ ವಿಷಯ ೧೯೭೮ರದು. ಡಿಸೆಂಬರ್ ೧೫ರಂದು ನಗರಾಡಳಿತವು ಬ್ಯಾಂಕುಗಳ ಸಾಲವನ್ನು ಗಡುವಿನೊಳಗೆ ತೀರಿಸಲಾಗದೆ ದಿವಾಳಿಯ ಹೆಸರು ಹೊತ್ತಿತು. ನಗರದ ಸ್ವಂತ ವಿದ್ಯುತ್ ಸಂಸ್ಥೆಯನ್ನು ಖಾಸಗಿ ಕಂಪನಿಗೆ ಮಾರಬೇಕೆಂಬ ಒತ್ತಡವನ್ನು ತರುಣ ಮೇಯರ್ ಡೆನಿಸ್ ಕುಸಿನಿಚ್ ಒಪ್ಪದಿದ್ದುದು ಈ ಪ್ರಸಂಗದ ಹಿನ್ನೆಲೆ. ಆ ಸಂಸ್ಥೆಯ ಮೂಲ ಕಲ್ಪನೆ ೧೯೦೧ರಿಂದ ೧೯೦೯ರವರೆಗೆ ಮೇಯರರಾಗಿದ್ದ ಟಾಮ್ ಜಾನ್ಸನ್ ಅವರದು. ಟ್ರಾಮಿನ ದರ ಮೂರು ಸೆಂಟಿಗಿಂತ ಹೆಚ್ಚಿರಬಾರದೆಂದು ಹೋರಾಡಿದವರು ಅವರೇ. ೧೯೭೯ರ ಫೆಬ್ರುವರಿಯಲ್ಲಿ ವಿಷಯವನ್ನು ಮತಕ್ಕೆ ಹಾಕಿದಾಗ, ನಗರದ ಜನ ತಮ್ಮ ಮೇಲಿನ ತೆರಿಗೆಯನ್ನು ತಾವೇ ಏರಿಸಿಕೊಂಡು, ವಿದ್ಯುತ್ ಸಂಸ್ಥೆಯನ್ನು ಮಾರಕೂಡದೆಂದು ತೀರ್ಪಿತ್ತರು. ಅದು ಇಂದಿಗೂ ನಗರದ ಸ್ವತ್ತಾಗಿ ಉಳಿದಿದೆ. ವಿದ್ಯುತ್ತಿನ ಬೀದಿದೀಪವನ್ನು ಬಹು ಮುಂಚೆಯೇ ಕಂಡ ಊರಿನವರು ದೀಪದ ಮೇಲಿನ ಹಕ್ಕನ್ನು ಬಿಟ್ಟುಕೊಡಲಿಲ್ಲವೆಂಬುದನ್ನು ನಕ್ಕವರು ಅರಿತಿದ್ದರೆ ನಗೆ ತುಸು ಮೆತ್ತಗಾಗುತ್ತಿತ್ತು.

ಈ ಅವನತಿಯ ದಿನಗಳಲ್ಲಿಯೇ, ೧೯೭೬ರಲ್ಲಿ, ಹಾರ್ವಿ ಪೀಕರ್ ಎಂಬ ಗುಮಾಸ್ತರು ‘ಅಮೆರಿಕನ್ ಸ್ಪ್ಲೆಂಡರ್’ ಎಂಬ ಚಿತ್ರಕಥಾಮಾಲೆಯನ್ನು ಸ್ವಂತ ಹಣದಿಂದ ಪ್ರಕಟಿಸತೊಡಗಿದರು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಡತಗಳನ್ನು ಜೋಡಿಸುವುದು ಅವರ ಉದ್ಯೋಗ. ಸೀಗಲ್ ಮತ್ತು ಶುಸ್ಟರರು ಹಾರಾಡುವ ವೀರನನ್ನು ಕಲ್ಪಿಸಿದ ಊರಿನಲ್ಲಿ, ಪೀಕರ್ ಅಂಗಡಿಯ ಸಾಲಿನಲ್ಲಿ ನಿಲ್ಲುವವನನ್ನು, ಬಾಡಿಗೆಯ ಚಿಂತೆಯವನನ್ನು, ಕಚೇರಿಯ ಸಹೋದ್ಯೋಗಿಗಳ ಹರಟೆಯನ್ನು ಚಿತ್ರಕಥೆಗೆ ವಸ್ತುವಾಗಿ ಮಾಡಿದರು. ಚಿತ್ರ ಬರೆಯಲು ಬಾರದ ಅವರು ಗೆರೆಯ ಮನುಷ್ಯರನ್ನು ಗೀಚಿ, ರಾಬರ್ಟ್ ಕ್ರಂಬ್ ಮುಂತಾದ ಗೆಳೆಯರಿಂದ ಚಿತ್ರ ಬರೆಸುತ್ತಿದ್ದರು. ೨೦೦೩ರಲ್ಲಿ ಇದು ಚಲನಚಿತ್ರವೂ ಆಯಿತು. ನಿವೃತ್ತಿಯವರೆಗೂ ಅವರು ಗುಮಾಸ್ತಿಕೆಯನ್ನು ಬಿಡಲಿಲ್ಲ, ೨೦೧೦ರಲ್ಲಿ ತೀರಿಕೊಂಡರು. ಆ ಕಾಲದ ಕ್ಲೀವ್‌ಲ್ಯಾಂಡಿನಲ್ಲಿ ಬದುಕು ಹೇಗಿತ್ತೆಂದು ತಿಳಿಯಬಯಸುವವನು ನಗರಸಭೆಯ ನಡಾವಳಿಗಳಿಗಿಂತ ಮೊದಲು ಅವರ ಪುಟಗಳನ್ನು ತೆರೆಯಬೇಕು.

ಊರಿನ ಹೆಸರು ಯಾರ ಸೊತ್ತು ಎಂಬ ಪ್ರಶ್ನೆ ಆಟದ ಬಯಲಿನಲ್ಲಿಯೂ ಎದ್ದಿತು. ೧೯೯೫ರ ನವೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲಿನ ಬ್ರೌನ್ಸ್ ತಂಡದ ಮಾಲೀಕರು ತಂಡವನ್ನು ಬಾಲ್ಟಿಮೋರಿಗೆ ಒಯ್ಯುವುದಾಗಿ ಸಾರಿದರು. ಜನ ಸುಮ್ಮನಿರಲಿಲ್ಲ. ಆಟಗಾರರು ಹೋಗಬಹುದು, ತಂಡದ ಹೆಸರು, ಬಣ್ಣ, ಗತಕಾಲದ ದಾಖಲೆಗಳು ಊರಿನವು – ಅವು ಹೋಗಕೂಡದೆಂದು ಪಟ್ಟುಹಿಡಿದರು. ೧೯೯೬ರಲ್ಲಿ ಆದ ಒಪ್ಪಂದದಲ್ಲಿ ಅವರ ಮಾತೇ ಗೆದ್ದಿತು. ೧೯೯೯ರಲ್ಲಿ ಅದೇ ಹೆಸರಿನ, ಅದೇ ಬಣ್ಣದ ಹೊಸ ತಂಡ ಬಯಲಿಗಿಳಿಯಿತು. ದುಡ್ಡು ಹೂಡಿದವನಿಗೆ ತಂಡ ಸೇರಬಹುದು; ಅದರ ಚರಿತ್ರೆ ನೋಡಿ ನಲಿದ, ನೊಂದ ಜನರಿಗೆ ಸೇರಿದ್ದೆಂಬ ನ್ಯಾಯ ಅಲ್ಲಿ ಸ್ಥಾಪಿತವಾಯಿತು.

ಹೆಸರನ್ನು ಉಳಿಸಿಕೊಳ್ಳುವುದು ಹೇಗೋ ಹಾಗೆ ಬಿಟ್ಟುಕೊಡುವುದೂ ವಿವೇಕವೇ. ಅಲ್ಲಿಯ ಬೇಸ್‌ಬಾಲ್ ತಂಡ ದೀರ್ಘಕಾಲ ಇಂಡಿಯನ್ಸ್ ಎಂಬ ಹೆಸರನ್ನು ಧರಿಸಿತ್ತು. ೧೯೪೭ರ ಜುಲೈ ೫ರಂದು ಲ್ಯಾರಿ ಡೋಬಿಯವರನ್ನು ಆಡಿಸಿ, ಅಮೆರಿಕನ್ ಲೀಗಿನಲ್ಲಿ ವರ್ಣಭೇದದ ಗೋಡೆಯನ್ನು ಮೊದಲು ಒಡೆದ ಕೀರ್ತಿ ಈ ತಂಡದ್ದು. ಆದರೂ ಅಮೆರಿಕೆಯ ಮೂಲನಿವಾಸಿಗಳನ್ನು ಅಣಕಿಸುವಂಥ ನಗೆಮೊಗದ ಲಾಂಛನವನ್ನು ಅದೇ ತಂಡ ದಶಕಗಟ್ಟಲೆ ಧರಿಸಿತು. ಮೂಲನಿವಾಸಿಗಳ ದೀರ್ಘ ಪ್ರತಿಭಟನೆಯ ಮೇಲೆ ೨೦೧೯ರಿಂದ ಆ ಲಾಂಛನ ಸಮವಸ್ತ್ರದಿಂದ ಮರೆಯಾಯಿತು. ೨೦೨೧ರ ಕೊನೆಯಲ್ಲಿ ತಂಡಕ್ಕೆ ಗಾರ್ಡಿಯನ್ಸ್ ಎಂಬ ಹೆಸರು ಬಂದಿತು. ಈ ಹೆಸರು ಬಂದದ್ದು ಎಲ್ಲಿಂದ? ೧೯೩೨ರಲ್ಲಿ ಕಯಹೋಗ ನದಿಗೆ ಕಟ್ಟಿದ ಸೇತುವೆಯ ಎರಡೂ ತುದಿಗಳಲ್ಲಿ ವಾಹನಗಳನ್ನು ಕೈಯಲ್ಲಿ ಹಿಡಿದು ನಿಂತ ಬೃಹತ್ ಶಿಲಾವಿಗ್ರಹಗಳಿವೆ. ಸಂಚಾರದ ರಕ್ಷಕರೆಂದು ಅವುಗಳಿಗೆ ಹೆಸರು. ಅವನ್ನು ಕಡೆದ ಕಲ್ಲುಕುಟಿಗರಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದ ಹ್ಯಾರಿ ಹೋಪ್ ಒಬ್ಬರು. ಅವರ ಮಗನೇ ಹೆಸರಾಂತ ಹಾಸ್ಯನಟ ಬಾಬ್ ಹೋಪ್. ಆ ಸೇತುವೆ ಈಗ ಹೋಪ್ ಕುಟುಂಬದ ಹೆಸರನ್ನು ಹೊತ್ತಿದೆ. ಕಲ್ಲುಕುಟಿಗರ ಕೈಕೆಲಸವೇ ಕೊನೆಗೆ ಒಂದು ಊರಿನ ಆಟದ ತಂಡಕ್ಕೆ ಹೆಸರನ್ನು ಕೊಟ್ಟಿತೆಂಬುದು ಸಮಾಧಾನದ ಸಂಗತಿ.

ಇಲ್ಲಿ ಇಬ್ಬಗೆಯ ಆಕ್ಷೇಪಗಳು ಬರಬಹುದು. ಚಿತ್ರಕಥೆ, ಪೋಲ್ಕ, ಚೆಂಡಾಟ ಇವೆಲ್ಲ ಅಗ್ಗದ ವಿನೋದಗಳು. ಸಂಸ್ಕೃತಿಯೆಂದು ಗಣಿಸತಕ್ಕವಲ್ಲ ಎಂಬುದು ಮೊದಲನೆಯದು. ೧೯೧೮ರಲ್ಲಿ ಸ್ಥಾಪಿತವಾಗಿ ವಿಶ್ವಖ್ಯಾತಿ ಗಳಿಸಿದ ವಾದ್ಯವೃಂದವೂ ಇದೇ ನಗರದಲ್ಲಿದೆ, ಅದರ ಹಿರಿಮೆಯನ್ನು ಯಾರೂ ಅಲ್ಲಗಳೆಯರು. ಆದರೆ ಮಹಾಸಂಗೀತ ಎಲ್ಲ ದೊಡ್ಡ ನಗರಗಳಲ್ಲಿಯೂ ದೊರೆತೀತು. ತನ್ನ ಊರಿನವನೆಂದು ಒಬ್ಬನನ್ನು ಮತ್ತೊಬ್ಬನು ಗುರುತಿಸುವುದು ಸಣ್ಣ ಸಂಗತಿಗಳಿಂದ. ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು: ಹಳೆಯ ದಿನಗಳನ್ನು ಕೊಂಡಾಡುವ ಭರದಲ್ಲಿ ಅಂದಿನ ಅನ್ಯಾಯಗಳು ಮರೆಯಾಗುತ್ತವೆ. ಇದು ನಿಜ. ಸೊಗಸಾದ ನೆನಪುಗಳನ್ನಷ್ಟೇ ಹೆಕ್ಕಿ ಪೋಣಿಸಿದರೆ ಅದು ಚರಿತ್ರೆಯಾಗದು, ಜಾಹೀರಾತಾಗುತ್ತದೆ. ಹಫ್ ಬಡಾವಣೆಯ ಸಾವುಗಳನ್ನೂ, ಮಾರ್ಗನ್ನರಿಗೆ ತಪ್ಪಿದ ಪದಕವನ್ನೂ, ೧೩೦ ಡಾಲರಿನ ಚೆಕ್ಕನ್ನೂ ಬಿಟ್ಟು ಬರೆದ ಕ್ಲೀವ್‌ಲ್ಯಾಂಡಿನ ನಿತ್ಯಚರಿತ್ರೆ ಅರ್ಧಸತ್ಯ. ಸಣ್ಣ ಸಂಗತಿಗಳನ್ನು ಜೋಪಾನವಾಗಿ ದಾಖಲಿಸಿದರೆ ಮಾತ್ರ ಇಂಥ ಅನ್ಯಾಯಗಳು ಬೆಳಕಿಗೆ ಬರುತ್ತವೆಂಬುದನ್ನೂ ಮರೆಯಬಾರದು. ಆ ಚೆಕ್ಕನ್ನು ಯಾರೋ ಕಾದಿರಿಸಿದ್ದರಿಂದಲೇ ಅದು ಸಾಕ್ಷಿಯಾಯಿತು.

ದಾನಿಗಳು ತಿಳಿಯಬೇಕಾದ ಮಾತೊಂದು ಉಳಿದಿದೆ. ೧೯೧೪ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಅಧ್ಯಕ್ಷರು ಇಲ್ಲಿ ಕ್ಲೀವ್‌ಲ್ಯಾಂಡ್ ಫೌಂಡೇಷನ್ನನ್ನು ಸ್ಥಾಪಿಸಿದರು. ಒಂದು ಊರಿನ ಅನೇಕ ದಾನಿಗಳ ಹಣವನ್ನು ಒಂದೇ ನಿಧಿಯಲ್ಲಿ ಕೂಡಿಸಿ, ಆ ಊರಿನ ಅಂದಂದಿನ ಅಗತ್ಯಕ್ಕೆ ಬಳಸುವ ಜಗತ್ತಿನ ಮೊದಲ ಸಂಸ್ಥೆಯದು. ಎಂದೋ ಗತಿಸಿದ ದಾನಿಯ ಷರತ್ತಿಗೆ ಇಂದಿನವರ ಕೈಗಳು ಕಟ್ಟಿಹೋಗಬಾರದೆಂಬುದು ಅವರ ಆಶಯ. ಆ ನಿಧಿಯ ಮೊದಲ ಕಾರ್ಯಗ಼ಳಲ್ಲೊಂದು ನಗರದ ಶಾಲೆಗಳ ಸಮಗ್ರ ಸಮೀಕ್ಷೆ. ಅದು ಇಪ್ಪತ್ತೈದು ಸಂಪುಟಗಳಲ್ಲಿ ಹೊರಬಂದಿತು. ನೂರು ವರ್ಷಗಳ ಹಿಂದೆ ಅಲ್ಲಿಯ ಮಕ್ಕಳು ಹೇಗೆ ಓದಿದರೆಂಬುದನ್ನು ಇಂದು ತಿಳಿಯಲು ಆ ಸಂಪುಟಗಳಿವೆ. ಹೊಸದಾಗಿ ಬಂದವರಿಗೂ ಆ ಊರು ಜಾಗ ಕೊಟ್ಟಿದೆ. ನಾನಾ ದೇಶಗಳ ಹೆಸರಿನಲ್ಲಿ ಬೆಳೆಸಿದ ಅಲ್ಲಿಯ ಸಾಂಸ್ಕೃತಿಕ ಉದ್ಯಾನಗಳಲ್ಲಿ ಗಾಂಧೀಜಿಯವರ ಪ್ರತಿಮೆಯಿದೆ. ದಿವಾಳಿಯ ಕುಖ್ಯಾತಿ ಬಂದ ೧೯೭೮ರಲ್ಲಿಯೇ ಅಲ್ಲಿಯ ಭಾರತೀಯರು ಚಿಕ್ಕದಾಗಿ ಆರಂಭಿಸಿದ ತ್ಯಾಗರಾಜ ಆರಾಧನೆ ಇಂದು ಭಾರತದ ಹೊರಗೆ ನಡೆಯುವ ಕರ್ನಾಟಕ ಸಂಗೀತದ ಅತಿ ದೊಡ್ಡ ಉತ್ಸವಗಳಲ್ಲೊಂದಾಗಿದೆ. ಪೋಲ್ಕ ನುಡಿದ ಊರಿನಲ್ಲಿ ವರ್ಷವರ್ಷವೂ ಪಂಚರತ್ನ ಕೃತಿಗಳು ಮೊಳಗುತ್ತಿವೆ.

ಕ್ಲೀವ್‌ಲ್ಯಾಂಡಿನ ಕಥೆಯಿಂದ ಕಲಿಯಬೇಕಾದ ಪಾಠ ಸರಳವಾದುದು. ಯಾವ ಊರಿಗೂ, ಯಾವ ಶಾಲೆಗೂ ಅನ್ವಯಿಸುವಂಥದು. ವಿದ್ಯಾರ್ಥಿಗಳ ಕೈಬರಹದ ಪತ್ರಿಕೆ, ಗೋಷ್ಠಿಯ ಕರಪತ್ರ, ಆಟದ ತಂಡದ ಹಳೆಯ ಛಾಯಾಚಿತ್ರ, ಅಡುಗೆಯವರ, ಗಂಟೆ ಹೊಡೆಯುವವರ, ಕಟ್ಟಡದ ಕಲ್ಲು ಕಟೆದವರ ಹೆಸರುಗಳು – ಇವನ್ನು ರದ್ದಿಯೆಂದು ಬಿಸಾಡುವುದು ಸುಲಭ. ಮರಳಿ ಪಡೆಯುವುದು ಅಸಾಧ್ಯ. ಶಿಕ್ಷಕರು ಹಿಂದಿನ ಬೆಂಚಿನ ಹುಡುಗನು ಗೀಚಿದ ಕಾಗದವನ್ನು ಹರಿದೆಸೆಯುವ ಮುನ್ನ ಒಮ್ಮೆ ಓದಿ ನೋಡಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಪೆಟ್ಟಿಗೆಗಳಲ್ಲಿರುವ ಕಾಗದಪತ್ರಗಳನ್ನು ತಾವು ಓದಿದ ಶಾಲೆಗೆ ತಲುಪಿಸಲಿ. ಕೊಠಡಿಗಳನ್ನು ಕಟ್ಟಿಸುವ ಉದಾರಿಗಳು ಆ ಕಾಗದಗಳಿಗಾಗಿ ಒಂದು ಕಪಾಟನ್ನೂ ಅದನ್ನು ಕಾಯುವವರಿಗೆ ಒಂದಿಷ್ಟು ಸಂಬಳವನ್ನೂ ಒದಗಿಸಲಿ. ಬದುಕಿರುವಾಗಲೇ ಒಬ್ಬರ ಕೆಲಸದ ಕೆಳಗೆ ಅವರ ಹೆಸರನ್ನು ಬರೆಯುವ ಸೌಜನ್ಯಕ್ಕೆ ಖರ್ಚೇನೂ ತಗಲದು.